ಪ್ಯಾಕೇಜುಗಳ ನಾಮಚರಿತೆ

1993ರ ಆಗಸ್ಟ್ ತಿಂಗಳಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ತರುಣನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆರಂಭಿಸಿದಾಗ, ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಕೂಡಿಸಿ ಆ ನಾಮವನ್ನು ಕಟ್ಟಿದನೆಂಬುದು ಪ್ರಸಿದ್ಧವಾದ ಸಂಗತಿ. ಅಷ್ಟು ಸರಸವಾಗಿ ನಾಮಕರಣಗೊಂಡ ಆ ವ್ಯವಸ್ಥೆಯು ತನ್ನ ಒಡಲೊಳಗಿನ ಪ್ಯಾಕೇಜುಗಳಿಗೆ ಹೆಸರಿಡುವಲ್ಲಿ ಮಾತ್ರ ಬಲು ನಿಷ್ಠುರವಾದ ನಿಯಮಗಳನ್ನು ವಿಧಿಸಿಕೊಂಡಿತು. ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳು, ಅಂಕಿಗಳು, ಸಂಕಲನಚಿಹ್ನೆ, ಅಡ್ಡಗೆರೆ, ಬಿಂದು ಇವಿಷ್ಟಕ್ಕೇ ಪ್ರವೇಶ. ಅಡಿಗೆರೆಗೆ ಅಲ್ಲಿ ಸ್ಥಾನವಿಲ್ಲ. ಏಕೆಂದರೆ ಕಡತದ ಹೆಸರಿನಲ್ಲಿ ಪ್ಯಾಕೇಜಿನ ನಾಮ, ಆವೃತ್ತಿ, ಯಂತ್ರದ ಜಾತಿ ಈ ಮೂರನ್ನೂ ಬೇರ್ಪಡಿಸಿ ನಿಲ್ಲಿಸುವ ಕಾರ್ಯಕ್ಕೆ ಅದನ್ನೇ ನಿಯಮಿಸಲಾಗಿದೆ.

ಆವೃತ್ತಿಸಂಖ್ಯೆಯ ವಿಚಾರದಲ್ಲಿಯೂ ಸೂಕ್ಷ್ಮಗಳುಂಟು. ಮೂಲಕರ್ತೃವು ಕೊಟ್ಟ ಸಂಖ್ಯೆಯ ಮುಂದೆ ಅಡ್ಡಗೆರೆಯೆಳೆದು, ಡೆಬಿಯನ್ನಿನವರು ತಾವು ಮಾಡಿದ ಪರಿಷ್ಕರಣದ ಸಂಖ್ಯೆಯನ್ನು ಬರೆಯುತ್ತಾರೆ. ಟಿಲ್ಡೆ ಎಂಬ ಅಲೆಗೆರೆಗೆ ಶೂನ್ಯಕ್ಕಿಂತಲೂ ಕಡಿಮೆಯ ಬೆಲೆ; ಆದುದರಿಂದ 1.0ರ ಬೆನ್ನಿಗೆ ಟಿಲ್ಡೆ ಹತ್ತಿಸಿದ ಪರೀಕ್ಷಾರ್ಥ ಆವೃತ್ತಿಯು ನಿಜವಾದ 1.0ಕ್ಕಿಂತ ಹಿಂದಿನದೆಂದು ಗಣಿತವಾಗುತ್ತದೆ. ಇನ್ನು, ಇಸವಿ ತಿಂಗಳು ದಿನಗಳನ್ನೇ ಪೋಣಿಸಿ ಎಂಟಂಕಿಯ ಆವೃತ್ತಿಯನ್ನು ಬರೆಯುತ್ತಿದ್ದ ಕರ್ತೃವೊಬ್ಬನು ಮುಂದೊಂದು ದಿನ ಮನಸ್ಸು ಬದಲಿಸಿ 1.0 ಎಂದು ಬರೆದನೆನ್ನಿ. ಯಂತ್ರದ ಲೆಕ್ಕದಲ್ಲಿ ಹೊಸದೇ ಹಳೆಯದಾಗಿಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಆವೃತ್ತಿಯ ಮುಂಭಾಗದಲ್ಲಿ ಒಂದು ಅಂಕಿಯನ್ನೂ ವಿಸರ್ಗದಂಥ ಎರಡು ಚುಕ್ಕೆಗಳನ್ನೂ ಇಡುತ್ತಾರೆ. ಅದಕ್ಕೆ ಎಪೋಕ್ ಎಂದು ಹೆಸರು. ಕಡತದ ಹೆಸರಿನಲ್ಲಿ ಅದು ಕಾಣಿಸದು. ಆದರೆ ಒಮ್ಮೆ ಅಂಟಿತೆಂದರೆ ಆ ಹೆಸರಿನ ಪ್ಯಾಕೇಜು ಇರುವವರೆಗೂ ಬಿಡದು.

ಇವೆಲ್ಲವೂ ಆವೃತ್ತಿಯ ಮಾತಾಯಿತು. ಆದರೆ ಆವೃತ್ತಿಯ ಅಂಕಿಯು ಹೆಸರಿನೊಳಕ್ಕೇ ಬಂದು ಸೇರಿದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಒಂದು ಯಂತ್ರದಲ್ಲಿ ಒಂದು ಹೆಸರಿನ ಪ್ಯಾಕೇಜಿಗೆ ಒಂದೇ ಆವೃತ್ತಿ ಇರತಕ್ಕದ್ದು ಎಂಬುದು ಡೆಬಿಯನ್ನಿನ ಕಟ್ಟಳೆ. ಅನೇಕ ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಗಳಿಗಾದರೋ ಈ ಕಟ್ಟಳೆ ಹೊಂದದು. ಕೆಲವು ತಂತ್ರಾಂಶಗಳು ಹಳೆಯ ಲೈಬ್ರರಿಯನ್ನೂ ಕೆಲವು ಹೊಸದನ್ನೂ ಬೇಡುವಾಗ ಎರಡೂ ಏಕಕಾಲದಲ್ಲಿ ಇರಬೇಕು. ಆದಕಾರಣ ಲೈಬ್ರರಿಯು ತನ್ನೊಳಗೆ ಹೊತ್ತ ಸೋನೇಮ್ ಎಂಬ ಗುರುತಿನಲ್ಲಿರುವ ಅಂಕಿಯನ್ನೇ ಪ್ಯಾಕೇಜಿನ ಹೆಸರಿಗೆ ಜೋಡಿಸಿದರು. ಲಿಬ್‌ಸಿ5, ಲಿಬ್‌ಸಿ6 ಎಂಬ ಹೆಸರುಗಳು ಹುಟ್ಟಿದ್ದು ಹೀಗೆ. ಆ ಆರನ್ನು ಕಂಡು ಇದು ಆರನೆಯ ಆವೃತ್ತಿಯೆಂದು ಭಾವಿಸುವವನು ಮೋಸಹೋದಾನು: ಡೆಬಿಯನ್ 12ರಲ್ಲಿದ್ದ ಲಿಬ್‌ಸಿ6ರ ನಿಜವಾದ ಆವೃತ್ತಿ 2.36. ಅದು ಗ್ನು ಯೋಜನೆಯ ಲೈಬ್ರರಿ. ಅದಕ್ಕೆ ಮುನ್ನ ಲಿನಕ್ಸಿನವರು ತಾವೇ ಬೇರೆಯಾಗಿ ಬೆಳೆಸಿದ್ದ ಕವಲು ಐದರವರೆಗೂ ಎಣಿಸಿದ್ದ ಕಾರಣ, ಇದಕ್ಕೆ ಆರು ಸಂದಿತು.

1998ರ ಜುಲೈಯಲ್ಲಿ ಹೊರಬಿದ್ದ ಡೆಬಿಯನ್ 2.0ರಲ್ಲಿ ಐದರಿಂದ ಆರಕ್ಕೆ ದಾಟುವ ಮಹಾಕಾರ್ಯ ನೆರವೇರಿತು. ಆಗ ಹೊಸದೊಂದು ತೊಡಕು ತಲೆಯೆತ್ತಿತು. ಜಾನ್‌ಲೂಪ್ ಗೈಯಿ, ಮಾರ್ಕ್ ಆಡ್ಲರ್ ಎಂಬಿಬ್ಬರು ರಚಿಸಿದ, ದತ್ತಾಂಶವನ್ನು ಸಂಕೋಚಗೊಳಿಸುವ ಝೆಡ್‌ಲಿಬ್ ಎಂಬ ಲೈಬ್ರರಿಯ ಸೋನೇಮಿನ ಅಂಕಿ ಒಂದೇ ಆಗಿದ್ದರೂ, ಲಿಬ್‌ಸಿ5ಕ್ಕೆ ಕಟ್ಟಿದ ಝೆಡ್‌ಲಿಬ್ ಬೇರೆ, ಲಿಬ್‌ಸಿ6ಕ್ಕೆ ಕಟ್ಟಿದ ಝೆಡ್‌ಲಿಬ್ ಬೇರೆ. ಅಂಕಿಯಿಂದ ಭೇದ ತೋರಿಸುವ ಮಾರ್ಗವಿಲ್ಲದೆ, ಎರಡನೆಯದಕ್ಕೆ ‘ಜಿ’ ಎಂಬೊಂದು ಅಕ್ಷರವನ್ನು ಹಚ್ಚಿ ಝೆಡ್‌ಲಿಬ್1ಜಿ ಎಂದು ಕರೆದರು. ಲೈಬ್ರರಿಯು ತಾನಾಗಿ ಸೋನೇಮನ್ನು ಬದಲಿಸಿಕೊಂಡ ದಿನ ಇಂಥ ಬಾಲಾಕ್ಷರವನ್ನು ಕಳಚಬಹುದು. ಝೆಡ್‌ಲಿಬ್ ಬದಲಾಗಲೇ ಇಲ್ಲ. ಲಿಬ್‌ಸಿ5 ಕಣ್ಮರೆಯಾಗಿ ಎಷ್ಟೋ ವರ್ಷಗಳು ಸಂದರೂ, ಶಾನುಭೋಗಿಕೆ ರದ್ದಾದ ಮೇಲೂ ಊರಿನಲ್ಲಿ ಶಾನುಭೋಗರ ಮನೆ ಎಂಬ ಹೆಸರು ಉಳಿಯುವಂತೆ, ಆ ‘ಜಿ’ ಉಳಿದಿದೆ. ಅದು ಏತಕ್ಕೆಂದು ಅರಿಯದ ತರುಣರು ಪ್ರತಿನಿತ್ಯವೂ ಅದನ್ನು ಟೈಪ್ ಮಾಡುತ್ತಿದ್ದಾರೆ.

ಇದೇ ಪದ್ಧತಿ ಮತ್ತೆ ಮತ್ತೆ ಮರುಕಳಿಸಿತು. ಜಿಸಿಸಿ ಸಂಕಲನಕಾರವು ಸಿ++ ಭಾಷೆಯ ಒಳರಚನೆಯನ್ನು ಬದಲಿಸಿದಾಗಲೆಲ್ಲ ಲೈಬ್ರರಿಗಳಿಗೆ ಹೊಸ ಬಾಲ: 2005ರಲ್ಲಿ ‘ಸಿ2’, ಅದು ಸಾಲದೆ ‘ಸಿ2ಎ’, 2015ರಲ್ಲಿ ‘ವಿ5’. ನೋಡಲು ಇವು ಸುಂದರವಲ್ಲ, ನಿಜ. ಆದರೂ ಒಳಗಿನದು ಬದಲಾದಾಗ ಹಳೆಯ ಹೆಸರನ್ನೇ ಇಟ್ಟುಕೊಂಡು ಬಳಕೆದಾರನನ್ನು ವಂಚಿಸುವುದಕ್ಕಿಂತ ಹೆಸರು ವಿರೂಪವಾದರೂ ಚಿಂತೆಯಿಲ್ಲವೆಂಬ ಈ ಪ್ರಾಮಾಣಿಕತೆಯನ್ನು ನಾನಂತೂ ಮೆಚ್ಚುತ್ತೇನೆ.

ಇತ್ತೀಚಿನದು 2024ರ ‘ಟಿ64’. ಯುನಿಕ್ಸ್ ಸಂಪ್ರದಾಯದಲ್ಲಿ ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತಾರೆ; 32 ಬಿಟ್ಟುಗಳಲ್ಲಿ ಆ ಎಣಿಕೆ ಹಿಡಿಸುವುದು 2038ರ ಜನವರಿ 19ರವರೆಗೆ ಮಾತ್ರ. ಅದನ್ನು 64 ಬಿಟ್ಟುಗಳಿಗೆ ಹಿಗ್ಗಿಸಿದಾಗ ಲೈಬ್ರರಿಗಳ ಒಳರಚನೆ ಮಾರ್ಪಟ್ಟು, ಲಿಬ್‌ಎಸ್‌ಎಸ್‌ಎಲ್3 ಎಂಬುದು ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ಇದರಿಂದ ನಿಜವಾಗಿ ಪ್ರಯೋಜನ ಪಡೆದವು 32 ಬಿಟ್ಟಿನ ಆರ್ಮ್ ಯಂತ್ರಗಳು. ನಮ್ಮ ನಿಮ್ಮ ಮೇಜಿನ ಮೇಲಿನ 64 ಬಿಟ್ಟಿನ ಗಣಕಗಳಲ್ಲಿ ಕಾಲವು ಮೊದಲಿನಿಂದಲೂ 64 ಬಿಟ್ಟುಗಳಲ್ಲೇ ಇದ್ದರೂ, ಎಲ್ಲ ಯಂತ್ರಗಳಲ್ಲಿಯೂ ಹೆಸರು ಒಂದೇ ಇರಲೆಂದು ಅವುಗಳಿಗೂ ಈ ಬಾಲವನ್ನು ತೊಡಿಸಿದರು. ಹಳೆಯ ಐ386 ಜಾತಿಯ ಪಾಡು ಇನ್ನೂ ವಿಚಿತ್ರ: ಹಿಂದಿನ ಕಾಲದ ಸಿದ್ಧ ತಂತ್ರಾಂಶಗಳನ್ನು ನಡೆಸುವುದೇ ಅದರ ಉಳಿದ ಉಪಯೋಗವಾದ್ದರಿಂದ ಅದರ ಕಾಲಗಣನೆಯನ್ನು ಬದಲಿಸದೆ ಬಿಟ್ಟರು, ಹೆಸರನ್ನು ಮಾತ್ರ ಬದಲಿಸಿದರು, ಹೀಗಾಗಿ ಅಲ್ಲಿ ಟಿ64 ಎಂಬ ಹೆಸರಿನ ಒಳಗೆ ಇಂದಿಗೂ ಇರುವುದು 32 ಬಿಟ್ಟಿನ ಕಾಲ.