ಮಂದ್ರದ ಆಯ್ಕೆ

ಮೇಳದಲ್ಲಿ ಎಲ್ಲರ ಕಿವಿಯೂ ಹಾಡುವವನ ಕಡೆಗಿರುತ್ತದೆ. ಮಂದ್ರಸ್ಥಾಯಿಯಲ್ಲಿ ನಿಂತು ಆ ಹಾಡನ್ನು ಹೊತ್ತವನನ್ನು ಗಮನಿಸುವವರು ಕಡಿಮೆ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಆ ಹೊರೆ ಬೇಸ್ ಗಿಟಾರಿನದು. ಅದರಲ್ಲಿಯೂ ಹಲವು ಬಗೆಗಳುಂಟು. ವಾದಕನು ಯಾವುದನ್ನು ಆರಿಸಿಕೊಂಡ, ಏಕೆ ಆರಿಸಿಕೊಂಡ ಎಂಬುದರಲ್ಲಿ ಒಂದು ಇತಿಹಾಸವೇ ಅಡಗಿದೆ ಎಂದು ನಾನು ಭಾವಿಸುತ್ತೇನೆ.

ಮೊದಲು ಈ ಕೆಲಸ ಆಳೆತ್ತರದ ಡಬಲ್ ಬೇಸಿನದಾಗಿತ್ತು. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಮೆಟ್ಟಿಲುಗಳಿಲ್ಲದ ಅದರಲ್ಲಿ ಸ್ವರಸ್ಥಾನ ಹಿಡಿಯಲು ವರ್ಷಗಳ ಸಾಧನೆ ಬೇಕು. ಗದ್ದಲದ ಮೇಳದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ನಮ್ಮ ವೀಣೆಯಂತೆ ಮೆಟ್ಟಿಲುಗಳುಳ್ಳ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದನು. ಮೆಟ್ಟಿಲಿದ್ದುದರಿಂದ ಸ್ವರ ತಪ್ಪದೆಂದೇ ಅದಕ್ಕೆ ‘ಪ್ರಿಸಿಷನ್’, ಎಂದರೆ ನಿಖರತೆ, ಎಂದು ಹೆಸರಾಯಿತು. 1960ರಲ್ಲಿ ಅವನ ಸಂಸ್ಥೆಯಿಂದಲೇ ‘ಜಾಝ್ ಬೇಸ್’ ಬಂದಿತು. ಅದರ ಕತ್ತು ಕಿರಿದು; ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳು ಎರಡು. ಮೊದಲನೆಯದರ ದನಿ ದಪ್ಪ, ಗಂಭೀರ. ಎರಡನೆಯದರದು ಹೆಚ್ಚು ಸ್ಫುಟ.

ಆಯ್ಕೆಯೆಂಬುದು ಯಾವಾಗಲೂ ನಾದವಿಚಾರದಿಂದಲೇ ಆಗುವುದಿಲ್ಲ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿ ಪಿಟೀಲಿನ ಆಕಾರದ ಹಾಫ್ನರ್ ಬೇಸನ್ನು ಕೊಂಡನು. ಫೆಂಡರ್ ಅವನ ಕೈಗೆಟುಕುವ ಬೆಲೆಯದಾಗಿರಲಿಲ್ಲ. ಮೇಲಾಗಿ ಅವನು ಎಡಗೈ ವಾದಕ. ಎರಡು ಪಕ್ಕವೂ ಸಮವಾಗಿದ್ದ ಈ ವಾದ್ಯ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಬರಿಗೈಯೂ ಎಡಗೈಯೂ ಕೂಡಿ ಆರಿಸಿದ ಆ ಹಗುರ ವಾದ್ಯದ ದುಂಡು ದನಿ ಒಂದು ಯುಗದ ದನಿಯಾಯಿತು.

ಇನ್ನಿಬ್ಬರ ಆಯ್ಕೆ ನನ್ನನ್ನು ಹೆಚ್ಚು ಕಾಡುತ್ತದೆ. ಇಬ್ಬರ ಪ್ರಸಿದ್ಧ ವಾದ್ಯವೂ 1962ರ ಫೆಂಡರ್. ಡೆಟ್ರಾಯಿಟ್ ನಗರದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಜೇಮ್ಸ್ ಜೇಮರ್ಸನ್ ಹಿಡಿದದ್ದು ಪ್ರಿಸಿಷನ್. ಡಬಲ್ ಬೇಸಿನಲ್ಲಿ ಪಳಗಿದ್ದ ಆತ ಅದಕ್ಕೆ ನುಣುಪು ಸುತ್ತಿನ ದಪ್ಪ ತಂತಿಗಳನ್ನು ಬಿಗಿದು, ತೋರುಬೆರಳೊಂದರಿಂದಲೇ ಮೀಟುತ್ತಿದ್ದನು. ಲೋಕವೆಲ್ಲ ಆ ಹಾಡುಗಳಿಗೆ ಕುಣಿಯಿತು; ಆದರೆ 1971ರಲ್ಲಿ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಬರುವವರೆಗೆ ಮೋಟೌನ್ ತಟ್ಟೆಗಳ ಹೊದಿಕೆಯ ಮೇಲೆ ಅವನ ಹೆಸರು ಕಾಣಲಿಲ್ಲ. 1972ರಲ್ಲಿ ಸಂಸ್ಥೆ ಲಾಸ್ ಏಂಜಲೀಸಿಗೆ ಹೋಯಿತು. ಕಾಲದ ರುಚಿ ಕಣಕಣಿಸುವ ಹೊಸ ತಂತಿಗಳತ್ತ ಹೊರಳಿತು. ಜೇಮರ್ಸನ್ ತನ್ನ ರೀತಿಯನ್ನು ಬಿಡಲೊಪ್ಪಲಿಲ್ಲ. ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಿತು. 1983ರಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಪ್ರಿಸಿಷನ್ ಬಂದ 1951ರಲ್ಲೇ ಹುಟ್ಟಿದ ಜಾಕೋ ಪಾಸ್ಟೋರಿಯಸ್ ಹಿಡಿದದ್ದು ಜಾಝ್ ಬೇಸ್, ಅದೂ ಮೆಟ್ಟಿಲುಗಳನ್ನು ಕಿತ್ತು, ಬೋಳು ಹಲಗೆಗೆ ಎಪಾಕ್ಸಿ ಬಳಿದದ್ದು. ಫೆಂಡರ್ ಗಳಿಸಿಕೊಟ್ಟ ನಿಖರತೆಯನ್ನು ತೊರೆದು, ಸ್ವರದಿಂದ ಸ್ವರಕ್ಕೆ ಜಾರುವ ಸ್ವಾತಂತ್ರ್ಯವನ್ನು ಅವನು ಆರಿಸಿಕೊಂಡನು. 1976ರ ಅವನ ಮೊದಲ ಆಲ್ಬಂನಲ್ಲಿ ಬೇಸ್ ಹಿಂದಿನಿಂದ ಮುಂದಕ್ಕೆ ಬಂದು ತಾನೇ ಹಾಡಿತು.

ಯಾರ ಆಯ್ಕೆ ಮೇಲು? ಒಬ್ಬ ಕವಿಯ ಮಾತು ಕಂದದ ಕಟ್ಟಿನಲ್ಲಿ ಬೆಳಗುತ್ತದೆ, ಇನ್ನೊಬ್ಬನದು ರಗಳೆಯ ಹರಿವಿನಲ್ಲಿ; ಛಂದಸ್ಸುಗಳಲ್ಲಿ ಮೇಲುಕೀಳುಗಳನ್ನು ಹುಡುಕುವುದು ವ್ಯರ್ಥ. ಆದರೆ ಆಯ್ಕೆಗೆ ಬೆಲೆಯುಂಟು, ಅದನ್ನು ಆರಿಸಿದವನೇ ತೆರಬೇಕು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಜೇಮರ್ಸನ್ನನಿಗೆ ಗೌರವ ಸಲ್ಲಿಸಿದ್ದು 2000ದಲ್ಲಿ, ಅವನು ಸತ್ತು 17 ವರ್ಷಗಳಾದ ಮೇಲೆ. ಅವನು ಬಿಡಲೊಪ್ಪದಿದ್ದ ಆ ಪ್ರಿಸಿಷನ್ ಅವನ ಸಾವಿಗೆ ತುಸು ಮುಂಚೆಯೇ ಕಳವಾಗಿತ್ತು.