ಟಿಪ್ಪುವಿನ ಹುಲಿ ಮತ್ತು ಉತ್ತರ ಕೊಡುವ ಯಂತ್ರ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತಂಬಾಕಿನ ಹರಾಜು ಮಾರುಕಟ್ಟೆಗೆ ಹೆಸರಾದ ಕಂಪಲಾಪುರವಿದೆ. ಅದರ ಸಮೀಪದ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದಿರುವ ಹಿರಿಯ ತಾಯಿಯೊಬ್ಬರಿಗೆ ಪರಮಪ್ರಸಾದವನ್ನು ಕೊಂಡೊಯ್ದ ನಾವು, ಒಳಗೆ ಯಾರೊಡನೆಯೋ ಮಾತು ನಡೆದಿದೆಯೆಂದು ಹೊಸ್ತಿಲಲ್ಲೇ ನಿಂತೆವು. ಮೊಮ್ಮಗ ತಂದುಕೊಟ್ಟಿದ್ದ ಮೊಬೈಲಿನೊಳಗಿನ ದನಿಯನ್ನು ಆಕೆ ಮಳೆಯ ಬಗ್ಗೆ ವಿಚಾರಿಸುತ್ತಿದ್ದರು. ಉತ್ತರ ಬಂದ ಮೇಲೆ, 'ಆಯ್ತು ಕಣವ್ವ' ಎಂದರು. ನಮ್ಮನ್ನು ಕಂಡು ಕೊಂಚ ನಾಚಿ, 'ಅದು ಬರೀ ಮಿಷನ್ನು ಅಂತ ಗೊತ್ತು ಸ್ವಾಮಿ. ಆದ್ರೂ ಉತ್ರ ಕೊಡುತ್ತಲ್ಲ, ಸುಮ್ನೆ ಹೆಂಗಿರೋದು?' ಎಂದರು.

ಯಂತ್ರವೆಂದು ತಿಳಿದಿದ್ದರೂ ಮನಸ್ಸು ಅದಕ್ಕೆ ಓಗೊಡುವುದೇಕೆ ಎಂಬುದು ಇಂದು ಪ್ರಯೋಗಾಲಯಗಳ ಪ್ರಶ್ನೆ. ಆದರೆ ಈ ಪ್ರಶ್ನೆಗೆ ನಮ್ಮ ಮೈಸೂರು ಸೀಮೆಯಲ್ಲೇ ಇನ್ನೂರು ವರ್ಷಕ್ಕೂ ಹಿಂದಿನ ಸಾಕ್ಷಿಯೊಂದಿದೆ.

1799ರ ಮಾರ್ಚ್ 6ರಂದು ಪಿರಿಯಾಪಟ್ಟಣದಾಚೆ ಕೊಡಗಿನ ಗಡಿಯಲ್ಲಿ ಟಿಪ್ಪು ಸುಲ್ತಾನನು ಬೊಂಬಾಯಿ ಸೈನ್ಯದ ಮೇಲೆರಗಿ, ಗೆಲುವು ಕಾಣದೆ ಹಿಂದಿರುಗಿದನು. ಎರಡು ತಿಂಗಳು ತುಂಬುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಸುಲ್ತಾನನೂ ಮಡಿದನು. ಅರಮನೆಯ ವಾದ್ಯಗಳ ಕೋಣೆಯಲ್ಲಿ ಕಂಪನಿಯವರ ಕೈಗೆ ಒಂದು ಮರದ ಹುಲಿ ಸಿಕ್ಕಿತು. ಸುಮಾರು ಆರು ಅಡಿ ಉದ್ದದ ಆ ಹುಲಿಯ ಅಡಿಯಲ್ಲಿ ಐರೋಪ್ಯ ಉಡುಪಿನ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಹುಲಿ ಗುರುಗುಟ್ಟುತ್ತದೆ, ಮನುಷ್ಯನ ಗಂಟಲಿನಿಂದ ನರಳಾಟ ಹೊರಡುತ್ತದೆ, ಅವನ ಎಡಗೈ ಮೇಲೆದ್ದು ಕೆಳಗಿಳಿಯುತ್ತದೆ. ಹುಲಿಯ ಪಕ್ಕೆಯೊಳಗೆ ಹದಿನೆಂಟು ಸ್ವರಗಳ ಪುಟ್ಟ ಆರ್ಗನ್ ಕೂಡ ಇದೆ.

ಈ ಯಂತ್ರವನ್ನು ಲಂಡನ್ನಿಗೆ ಸಾಗಿಸಿ, 1808ರಲ್ಲಿ ಲೆಡನ್‌ಹಾಲ್ ಬೀದಿಯ ಕಂಪನಿ ಭವನದಲ್ಲಿ ಜನರಿಗೆ ತೋರಿಸಲಾಯಿತು. ನೋಡಬಂದವರು ತಾವೇ ಹಿಡಿಯನ್ನು ತಿರುಗಿಸಿ ಬೆಚ್ಚಿದರು, ನಕ್ಕರು, ಮತ್ತೆ ತಿರುಗಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕುಳಿತ ವಿದ್ವಾಂಸರಿಗೆ ಆ ನರಳಾಟ ದೊಡ್ಡ ಉಪದ್ರವವಾಗಿತ್ತು. ಈಗ ಅದು ಅದೇ ನಗರದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮರ ಅದೇ, ತಿದಿ ಅದೇ, ಕೂಗೂ ಅದೇ. ಶ್ರೀರಂಗಪಟ್ಟಣದಲ್ಲಿ ಅದು ವೈರಿಯ ಸಾವಿನ ಸಂಗೀತವಾಗಿತ್ತು. ಲಂಡನ್ನಿನಲ್ಲಿ ಸೋತ ದೊರೆಯ ಕ್ರೌರ್ಯಕ್ಕೆ ಪುರಾವೆಯೂ ರಜಾದಿನದ ಮೋಜೂ ಆಯಿತು.

ಕರಾವಳಿಯ ಕ್ರೈಸ್ತರು 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದ ನೆನಪನ್ನು ಹೊತ್ತ ಧರ್ಮಸಭೆಯವರಾದ ನಾವು ಈ ಹುಲಿಯನ್ನು ನಿರ್ಲಿಪ್ತರಾಗಿ ನೋಡಲಾರೆವು. ಆದರೆ ಕೋಟೆ ಬಿದ್ದ ದಿನ ಸತ್ತ ಸಾವಿರಾರು ಮೈಸೂರಿಗರ ನರಳಾಟ ಲಂಡನ್ನಿನ ಆ ಕೋಣೆಯನ್ನು ಮುಟ್ಟಲಿಲ್ಲವೆಂಬುದನ್ನೂ ಮರೆಯಲಾರೆವು. ಯುದ್ಧದ ಬಳಿಕ ಅಳಿದುಳಿದ ಕ್ರೈಸ್ತರನ್ನು ಒಗ್ಗೂಡಿಸಲು ಅಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಮುಂದೆ ಈ ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ತೊಡಗಿದರು. ಮರದ ತೋಳು ಏರಿಳಿಯುವುದನ್ನು ದೂರದ ಊರಿನವರು ನೋಡಿ ನಗುತ್ತಿದ್ದ ಕಾಲಕ್ಕೆ ಸ್ವಲ್ಪ ಮುಂಚೆ, ಇಲ್ಲಿ ಜೀವಂತ ತೋಳುಗಳನ್ನು ಹಿಡಿಯುವ ಕೆಲಸ ನಡೆದಿತ್ತು.

ಕೇಳುವವನ ನಂಬಿಕೆಯೇ ಕೂಗಿನ ಅರ್ಥವನ್ನು ನಿರ್ಣಯಿಸಿತೆಂಬ ಈ ಸಂಗತಿಯನ್ನು ಮಿದುಳಿನ ಶಾಸ್ತ್ರಜ್ಞರು ಈಗ ಬೇರೊಂದು ದಾರಿಯಿಂದ ತಲುಪಿದ್ದಾರೆ. 2008ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರು ಜೊತೆಗಾರನನ್ನು ನಂಬಬೇಕೋ ವಂಚಿಸಬೇಕೋ ಎಂದು ತೀರ್ಮಾನಿಸುವ ಆಟವಾಡಿದರು. ಎದುರಾಳಿ ಒಮ್ಮೆ ಕಂಪ್ಯೂಟರ್, ಒಮ್ಮೆ ಮನುಷ್ಯರೂಪವಿಲ್ಲದ ರೋಬೋಟ್, ಒಮ್ಮೆ ಮನುಷ್ಯಾಕೃತಿಯ ರೋಬೋಟ್, ಒಮ್ಮೆ ನಿಜವಾದ ಮನುಷ್ಯ ಎಂದು ಅವರಿಗೆ ತಿಳಿಸಲಾಗಿತ್ತು. ಎದುರಾಳಿ ಮನುಷ್ಯನಿಗೆ ಹತ್ತಿರವಾದಷ್ಟೂ, ಪರರ ಮನಸ್ಸನ್ನು ಊಹಿಸುವಾಗ ಚುರುಕಾಗುವ ಮಿದುಳಿನ ಭಾಗಗಳು, ಅಂದರೆ ಹಣೆಯ ಹಿಂದಿನ ನಡುಭಾಗ ಮತ್ತು ಬಲಗಿವಿಯ ಮೇಲುಗಡೆಯ ಒಂದು ತಾಣ, ಹೆಚ್ಚು ಹೆಚ್ಚು ಚುರುಕಾದವು. ಆದರೆ ನಾಲ್ವರ ನಡೆಯೂ ಒಂದೇ ಬಗೆಯದು: ಗೊತ್ತುಗುರಿಯಿಲ್ಲದೆ ಮೊದಲೇ ಜೋಡಿಸಿಟ್ಟದ್ದು. ವ್ಯತ್ಯಾಸವಿದ್ದುದು ಆಡುವವನ ನಂಬಿಕೆಯಲ್ಲಿ ಮಾತ್ರ.

ಅದೇ ದೇಶದ ಇನ್ನೊಂದು ತಂಡವು ಆಟಿಕೆ ಡೈನೋಸಾರ್ ರೋಬೋಟನ್ನು ಮುದ್ದಿಸುವ ಮತ್ತು ಹಿಂಸಿಸುವ ದೃಶ್ಯಗಳನ್ನು, ಮನುಷ್ಯರೊಡನೆ ಹಾಗೆ ನಡೆದುಕೊಳ್ಳುವ ದೃಶ್ಯಗಳ ಜೊತೆಗೆ ತೋರಿಸಿತು. ಮುದ್ದಿನ ದೃಶ್ಯಗಳಿಗೆ ಮಿದುಳು ಇಬ್ಬರ ವಿಷಯದಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿ ಸ್ಪಂದಿಸಿತು. ಹಿಂಸೆಯನ್ನು ಕಂಡಾಗ ಮಾತ್ರ ಮನುಷ್ಯನ ಪಾಲಿಗೆ ಹೆಚ್ಚಿನ ಮರುಕ ಮಿಡಿಯಿತು. ನಮಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಪಡೆಯುವವನ ಸ್ವಭಾವಕ್ಕೆ ತಕ್ಕಂತೆಯೇ ಪಡೆದದ್ದು ಅವನಲ್ಲಿ ನೆಲೆಗೊಳ್ಳುತ್ತದೆಂಬುದು ಸಂತ ಥಾಮಸ್ ಅಕ್ವಿನಾಸರ ಚಿಂತನೆಯನ್ನು ಓದಿದವರೆಲ್ಲರೂ ಬಲ್ಲ ತತ್ತ್ವ. (ಗುರುಗಳಾದ ಆಲ್ಬರ್ಟರು ಮಾಡಿದ ಮಾತಾಡುವ ಬೊಂಬೆಯನ್ನು ಥಾಮಸರು ಒಡೆದುಹಾಕಿದರೆಂಬುದು ಕೇವಲ ದಂತಕಥೆ, ಆದರೂ ನಮ್ಮ ವಿದ್ಯಾರ್ಥಿಗಳಿಗೆ ಅದೇ ಚೆನ್ನಾಗಿ ನೆನಪಿರುತ್ತದೆ.) ಆ ಸಂತರ ಹಬ್ಬದ ದಿನವಾದ 2025ರ ಜನವರಿ 28ರಂದೇ ವ್ಯಾಟಿಕನ್ ಹೊರತಂದ 'ಆಂತೀಕ್ವಾ ಎತ್ ನೋವಾ' ಎಂಬ ಟಿಪ್ಪಣಿಯು, ಯಂತ್ರವು ಅನುಕಂಪವನ್ನು ಅನುಕರಿಸಬಲ್ಲುದೇ ಹೊರತು ಅನುಭವಿಸಲಾರದೆಂದು ಬೋಧಿಸುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಯಂತ್ರದಲ್ಲಿ ಆತ್ಮವಿಲ್ಲವೆಂದು ಸಾಧಿಸಿದ ಮಾತ್ರಕ್ಕೆ ಗುರುವಿನ ಕೆಲಸ ಮುಗಿಯದು. ಓಗೊಡುವ ಮಿದುಳು ದೇವರು ಕೊಟ್ಟದ್ದೇ. ಆ ತಾಯಿ ಯಂತ್ರಕ್ಕೆ ತೋರಿದ ಮರ್ಯಾದೆ ಭ್ರಮೆಯಲ್ಲ. ಮನುಷ್ಯರಿಗೆಂದು ಬೆಳೆಸಿಕೊಂಡ ಸೌಜನ್ಯವು ಎದುರಿಗೆ ಮನುಷ್ಯರಿಲ್ಲದೆ ಅಲ್ಲಿ ಹರಿದಿದೆ.

ಕೋವಿಡ್ ಕಾಲದಲ್ಲಿ, 2020ರಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರ ಬಾಗಿಲಲ್ಲಿ ಬಂದವರ ಜ್ವರ ಪರೀಕ್ಷಿಸಲು ರೋಬೋಟೊಂದನ್ನು ನಿಲ್ಲಿಸಿದ್ದರು. ಬೆಂಗಳೂರಿನಲ್ಲೇ ತಯಾರಾದ ಅದರ ಹೆಸರು 'ಮಿತ್ರ'. ಶಿಷ್ಯರನ್ನು ದಾಸರೆನ್ನದೆ ಮಿತ್ರರೆಂದು ಕರೆದ ಕ್ರಿಸ್ತರ ಮಾತನ್ನು ಬೋಧಿಸುವವರಿಗೆ ಆ ಹೆಸರು ತುಸು ಚುಚ್ಚುತ್ತದೆ. ಮನುಷ್ಯರು ಹತ್ತಿರ ಹೋಗಲಾರದ ದಿನಗಳಲ್ಲಿ ಆ ಯಂತ್ರ ಉಪಕಾರ ಮಾಡಿತೆಂಬುದೂ ನಿಜ.

ಕಂಪಲಾಪುರದ ಬಳಿಯ ಆ ಮನೆಗೆ ಈಗ ಯಾವ ನಿರ್ಬಂಧವೂ ಇಲ್ಲ. ನಾವು ಅಲ್ಲಿಗೆ ಹೋಗುವುದು ತಿಂಗಳ ಮೊದಲ ಶುಕ್ರವಾರ, ಅದೂ ಕಾಲುಗಂಟೆಯ ಮಟ್ಟಿಗೆ. ಮೊಬೈಲು ದಿನವೂ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಕಳೆದ ಬಾರಿ ಹೊರಡುವಾಗ ಆಕೆ, 'ಇನ್ನೊಂಚೂರು ಕುಂತ್ಕೊಳಿ ಸ್ವಾಮಿ' ಎಂದರು. ಮುಂದಿನ ಮನೆಗೆ ಹೊತ್ತಾಗಿದೆಯೆಂದು ಹೇಳಿ ನಾವು ಎದ್ದು ಬಂದೆವು.