ಹಳೆಯ ಹೆಸರು, ಹೊಸ ಬೇರು: ಚೀನೀ ವೈದ್ಯದಲ್ಲಿ ಸಂಧಿವಾತ

ರುಮಟಾಯ್ಡ್ ಸಂಧಿವಾತಕ್ಕೆ ಚೀನಾದ ಪಾರಂಪರಿಕ ವೈದ್ಯರು ಇಂದು ಬಳಸುವ ಹೆಸರುಗಳಲ್ಲಿ ‘ವಾಂಗ್‌ಬೀ’ ಒಂದು. ಕೇಳಿದರೆ ಎರಡು ಸಾವಿರ ವರ್ಷ ಹಳೆಯದೆನಿಸುತ್ತದೆ. ಅದನ್ನು ರೋಗದ ಹೆಸರಾಗಿ ವೈದ್ಯ ಜಿಯಾವ್ ಶೂದ ಮುಂದಿಟ್ಟದ್ದು 1981ರಲ್ಲಿ. ‘ವಾಂಗ್’ ಎಂದರೆ ಸೊರಗಿ ಸೊಟ್ಟಗಾದ ಮೈ, ‘ಬೀ’ ಎಂದರೆ ಕಟ್ಟಿಕೊಂಡ ಸ್ಥಿತಿ. ಪದಗಳೆರಡೂ ಹಳೆಯವು, ಜೋಡಣೆ ಮಾತ್ರ ಹೊಸದು. ಈ ರೋಗದ ಚೀನೀ ಚಿಕಿತ್ಸೆಯನ್ನು ಅಖಂಡ ಪರಂಪರೆಯೆಂದು ವರ್ಣಿಸುವ ಬರಹಗಳು ಎಡವುವುದು ಇಂಥ ಕಡೆಗಳಲ್ಲೇ.

ಪ್ರಾಚೀನ ಚೀನೀ ವೈದ್ಯಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’ನ ‘ಸುವೆನ್’ ಭಾಗದ 43ನೆಯ ಅಧ್ಯಾಯ ಪೂರ್ತಿ ಬೀ ಕುರಿತದ್ದು. ಗಾಳಿ, ಥಂಡಿ, ತೇವ ಮೂರೂ ಬೆರೆತು ಮೈಹೊಕ್ಕರೆ ಬೀ ಹುಟ್ಟುತ್ತದೆ. ಗಾಳಿ ಹೆಚ್ಚಿದರೆ ನೋವು ಕೀಲಿನಿಂದ ಕೀಲಿಗೆ ಅಲೆಯುತ್ತದೆ, ಥಂಡಿ ಹೆಚ್ಚಿದರೆ ತೀವ್ರವಾಗುತ್ತದೆ, ತೇವ ಹೆಚ್ಚಿದರೆ ಒಂದೇ ಕಡೆ ಭಾರವಾಗಿ ಕೂರುತ್ತದೆ. ಚಳಿಗಾಲದಲ್ಲಿ ತಗುಲಿದ್ದು ಎಲುಬಿಗೆ. ಬಹುಕಾಲ ಉಳಿದರೆ ಒಳಗಿನ ಅಂಗಗಳಿಗೂ ಇಳಿಯುತ್ತದೆ. ಓದುತ್ತ ಹೋದರೆ ನಮ್ಮ ಆಮವಾತ ನೆನಪಾಗುವುದು ಸಹಜ. ಆದರೆ ಬೀ ಒಂದೇ ರೋಗವಲ್ಲ. ಜೋಮು, ಮರಗಟ್ಟುವಿಕೆ, ಸವೆದ ಮಂಡಿಯ ನೋವು ಎಲ್ಲವೂ ಅದರೊಳಗೆ ಬರುತ್ತವೆ. ರುಮಟಾಯ್ಡ್ ಸಂಧಿವಾತವೆಂಬ ಹೆಸರಾದರೂ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ ಕೊಟ್ಟದ್ದು.

ಇಂದಿನ ರೋಗಕ್ಕೆ ಹೆಚ್ಚು ಹತ್ತಿರವಾದ ಚಿತ್ರ ಸಿಗುವುದು 3ನೆಯ ಶತಮಾನದ ಆರಂಭದ ವೈದ್ಯ ಜಾಂಗ್ ಝೋಂಗ್‌ಜಿಂಗ್‌ನಲ್ಲಿ: ಕೀಲುಕೀಲಿನಲ್ಲೂ ನೋವು, ಸೊರಗಿದ ಮೈ, ಊದಿ ಕಳಚಿಬೀಳುವಂತಾದ ಪಾದ. ಅವನು ಇದಕ್ಕೆ ಹೇಳಿದ ಒಂಬತ್ತು ಮದ್ದುಗಳ ಕಷಾಯದಲ್ಲಿ ದಾಲ್ಚಿನ್ನಿ ಜಾತಿಯ ಮರದ ಕಡ್ಡಿ, ಶುಂಠಿ, ಸಂಸ್ಕರಿಸಿದ ವತ್ಸನಾಭಿ ಜಾತಿಯ ಗೆಡ್ಡೆಯಂಥ ಉಷ್ಣದ್ರವ್ಯಗಳ ಜೊತೆಗೆ ತಂಪಿನ ಬೇರೂ ಇದೆ. ಇನ್ನೊಂದು ಕಷಾಯದಲ್ಲಿ ವತ್ಸನಾಭಿಯನ್ನು ಜೇನುತುಪ್ಪದಲ್ಲಿ ಕುದಿಸಬೇಕು. ಸುಮ್ಮನೆ ರುಚಿಗಲ್ಲ: ಹೊತ್ತುಗಟ್ಟಲೆ ಕುದಿದಾಗ ಗೆಡ್ಡೆಯ ಮಾರಕ ಅಕೋನಿಟಿನ್ ಒಡೆದು ಸೌಮ್ಯವಾಗುತ್ತದೆ. ಕುದಿ ಕಡಿಮೆಯಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ಮುಂದಿನ ಶತಮಾನಗಳಲ್ಲಿ ವಿವರಣೆಗಳು ಒಂದರ ಮೇಲೊಂದು ಕೂತವು. 7ನೆಯ ಶತಮಾನದ ಸುನ್ ಸಿಮಿಯಾವ್‌ನ ಹದಿನೈದು ಮದ್ದುಗಳ ಕಷಾಯ ಗಾಳಿ, ತೇವಗಳನ್ನು ಓಡಿಸುವುದರ ಜೊತೆಗೆ ಯಕೃತ್ತು, ಮೂತ್ರಪಿಂಡಗಳಿಗೆ ಬಲ ಕೊಡಬೇಕೆಂದಿತು. ಇಂಥ ನೋವಿಗೆ ವೈದ್ಯ ಝೂ ದಾನ್‌ಶಿ (1281–1358) ‘ತೋಂಗ್‌ಫೆಂಗ್’ ಎಂಬ ಪದ ಬಳಸಿದ. ಇಂದಿನ ಚೀನೀ ಭಾಷೆಯಲ್ಲಿ ಅದರರ್ಥ ಗೌಟ್. ಹಳೆಯ ಗ್ರಂಥ ಓದುವವರಿಗೆ ಇದೊಂದು ಬಲೆ. 1830ರಲ್ಲಿ ವಾಂಗ್ ಚಿಂಗ್‌ರೆನ್, ಕಟ್ಟಿಕೊಂಡ ರಕ್ತವೇ ಮೂಲವೆಂದು ವಾದಿಸಿ ಎರೆಹುಳು ಸೇರಿದ ಕಷಾಯ ಬರೆದ.

ಇಷ್ಟೆಲ್ಲ ಇದ್ದೂ, ಆಧುನಿಕ ಪರೀಕ್ಷೆಯಲ್ಲಿ ಎದ್ದು ಕಂಡ ಮದ್ದು ಮೇಲಿನ ಯಾವ ಕಷಾಯದಲ್ಲೂ ಇಲ್ಲ. ಅದು ‘ಲೇಯ್‌ಗೋಂಗ್‌ತೆಂಗ್’, ಗುಡುಗಿನ ದೇವರ ಬಳ್ಳಿ. ದಕ್ಷಿಣ ಚೀನಾದ ರೈತರು ಅದರ ಬೇರಿನ ಪುಡಿಯನ್ನು ತರಕಾರಿಯ ಹುಳ ಕೊಲ್ಲಲು ಬಳಸುತ್ತಿದ್ದರು. 1969ರಲ್ಲಿ ಫುಜಿಯಾನ್ ಪ್ರಾಂತದಲ್ಲಿ ರುಮಟಾಯ್ಡ್ ರೋಗಿಗಳಿಗೆ ಕೊಟ್ಟಾಗ ಊತ ಇಳಿಯಿತು. ಬೇರಿನ ಅತಿ ವಿಷಕರ ಭಾಗವಾದ ತೊಗಟೆಯನ್ನು ತೆಗೆದು ಬಳಸುವ, ಸಾರ ಇಳಿಸಿ ಮಾತ್ರೆ ಮಾಡುವ ಕ್ರಮಗಳು ಬೆಳೆದವು. ಅದರ ಪ್ರಬಲ ಅಂಶ ಟ್ರಿಪ್ಟೊಲೈಡ್ 1972ರಲ್ಲಿ ಬೇರ್ಪಟ್ಟಿತು. ಅದು ರೋಗನಿರೋಧಕ ಕಣಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಗಾಳಿ, ಥಂಡಿಗಳ ಭಾಷೆಯಲ್ಲಿ ಇದಕ್ಕೆ ಹೆಸರಿಲ್ಲ.

2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 121 ರೋಗಿಗಳಿದ್ದರು. 24 ವಾರಗಳ ಬಳಿಕ ನಿಗದಿತ ಸುಧಾರಣೆ ಕಂಡವರು ಬಳ್ಳಿಯ ಗುಂಪಿನಲ್ಲಿ ಶೇ. 65, ಈ ರೋಗದ ಆಧುನಿಕ ಮದ್ದಾದ ಸಲ್ಫಾಸಲಜೀನ್ ಗುಂಪಿನಲ್ಲಿ ಶೇ. 33. ಆದರೆ ಎರಡೂ ಗುಂಪುಗಳಲ್ಲಿ ಬಹಳ ಜನ ನಡುವೆಯೇ ಮದ್ದು ಬಿಟ್ಟರು. ಚೀನಾದಲ್ಲಿ 207 ರೋಗಿಗಳ ಮೇಲೆ ನಡೆದ ನಂತರದ ಪ್ರಯೋಗದಲ್ಲಿ ಇನ್ನೊಂದು ಆಧುನಿಕ ಮದ್ದಾದ ಮೆಥೊಟ್ರೆಕ್ಸೇಟ್ ಜೊತೆ ಬಳ್ಳಿಯನ್ನೂ ಪಡೆದವರೇ ಹೆಚ್ಚು ಚೇತರಿಸಿಕೊಂಡರು. ಯಾರು ಯಾವ ಮದ್ದು ನುಂಗುತ್ತಿದ್ದಾರೆಂಬುದು ರೋಗಿಗಳಿಗೂ ವೈದ್ಯರಿಗೂ ಗೊತ್ತಿದ್ದ ಪ್ರಯೋಗವದು. ನನ್ನ ಮಟ್ಟಿಗೆ ಆ ಫಲಿತಾಂಶದ ತೂಕ ಅಷ್ಟು ಕಡಿಮೆ.

ವಿಷ ಮಾತ್ರ ಮಾಯವಾಗಲಿಲ್ಲ. ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು, ನಿಂತುಹೋಗುವ ಮುಟ್ಟು, ಗಂಡಸರಲ್ಲಿ ಕುಸಿಯುವ ವೀರ್ಯಾಣು ಸಂಖ್ಯೆ. ಈ ಕೊನೆಯದನ್ನು ಗಮನಿಸಿದ ಚೀನೀ ಸಂಶೋಧಕರು 1980ರ ದಶಕದಲ್ಲಿ ಗಂಡಸರ ಗರ್ಭನಿರೋಧಕವಾಗಿಯೂ ಅದನ್ನು ಪರೀಕ್ಷಿಸಿದರು. ರುಮಟಾಯ್ಡ್ ಸಂಧಿವಾತ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಹಾಗಾಗಿ ಈ ಮಾತ್ರೆ ಬರೆಯುವ ಮುನ್ನ ವೈದ್ಯರು ಕೇಳಲೇಬೇಕಾದ ಪ್ರಶ್ನೆ, ಇನ್ನು ಮಕ್ಕಳು ಬೇಕೇ ಎಂಬುದು.